ಓವರ್‌ಲುಕ್ ಹೋಟೆಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

‘ದಿ ಶೈನಿಂಗ್’ ಸ್ಟೀಫನ್ ಕಿಂಗ್ ಬರೆದ ಕಾದಂಬರಿ, 1977ರಲ್ಲಿ ಬಂತು. ಸ್ಟ್ಯಾನ್ಲಿ ಕ್ಯೂಬ್ರಿಕ್ ಅದನ್ನು 1980ರಲ್ಲಿ ಸಿನಿಮಾ ಮಾಡಿದರು. ಪ್ರತಿ ಮಳೆಗಾಲ ತ್ಯಾಗರಾಜನಗರದ ನಮ್ಮನೆ ಹಾಲಿನಲ್ಲಿ ಏಳೆಂಟು ಜನ ಸೇರಿ ಇದನ್ನು ನೋಡುತ್ತೇವೆ. ನನ್ನ ಹತ್ತಿರ ಇರುವ ಪುಸ್ತಕ ಕೈಯಿಂದ ಕೈಗೆ ಹೋಗಿ ಬೈಂಡು ಬಿಟ್ಟಿದೆ. ನೋಡಿದವರು, ಓದಿದವರು ಆಮೇಲೆ ಫೋನ್ ಮಾಡಿ, ಮೆಸೇಜ್ ಹಾಕಿ, ಬಸ್‌ಸ್ಟಾಪಿನಲ್ಲಿ ನಿಲ್ಲಿಸಿ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಮೊದಲ ಭಾಗದಲ್ಲಿ ಗುಟ್ಟು ಬಿಟ್ಟುಕೊಟ್ಟಿಲ್ಲ. ಎರಡನೇ ಭಾಗದಿಂದ ಎಲ್ಲವನ್ನೂ ಬಿಚ್ಚಿ ಹೇಳಿದ್ದೇನೆ, ಇನ್ನೂ ನೋಡದವರು ಅಲ್ಲಿಗೇ ನಿಲ್ಲಿಸಿ.

## ಇನ್ನೂ ನೋಡದವರು ಕೇಳುವುದು

“ಕಥೆ ಏನು ಅಕ್ಕ? ಎರಡು ಮಾತಲ್ಲಿ ಹೇಳಿ, ಕ್ಲೈಮ್ಯಾಕ್ಸ್ ಹೇಳ್ಬೇಡಿ.”

ಅಮೆರಿಕದ ಕೊಲರಾಡೊ ಬೆಟ್ಟಗಳ ನಡುವೆ ಓವರ್‌ಲುಕ್ ಅಂತ ಒಂದು ಭಾರಿ ಹೋಟೆಲ್, ಪ್ರವಾಸಿಗರು ಬಂದು ಇಳಿದುಕೊಳ್ಳುವಂಥದ್ದು. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿಹೋಗುತ್ತದೆ, ಹೋಟೆಲಿಗೂ ಬೀಗ. ಆ ತಿಂಗಳುಗಳಲ್ಲಿ ಅದನ್ನು ನೋಡಿಕೊಳ್ಳಲು ಜಾಕ್ ಟೊರೆನ್ಸ್ ಎಂಬ ಮಾಜಿ ಮೇಷ್ಟ್ರು ಕೆಲಸಕ್ಕೆ ಸೇರುತ್ತಾನೆ. ಹೆಂಡತಿ ವೆಂಡಿ, ಪುಟ್ಟ ಮಗ ಡ್ಯಾನಿ ಜೊತೆಗೆ ಬರುತ್ತಾರೆ. ಜಾಕ್‌ಗೆ ಬರೆಯಲು ಏಕಾಂತ ಬೇಕು. ಮಗನಿಗೆ ಹಿಂದೆ ಆದದ್ದು, ಮುಂದೆ ಆಗುವುದು, ಬೇರೆಯವರ ಮನಸ್ಸಿನಲ್ಲಿರುವುದು ಕಾಣುತ್ತದೆ. ಆ ಶಕ್ತಿಗೆ ಹೋಟೆಲಿನ ಅಡುಗೆಯವ ಹ್ಯಾಲೊರನ್ ‘ಶೈನಿಂಗ್’ ಅನ್ನುತ್ತಾನೆ. ಮೂರೇ ಜನ, ಒಂದು ಚಳಿಗಾಲ. ಇಷ್ಟು ಸಾಕು.

“ಮೊದಲು ಪುಸ್ತಕ ಓದ್ಲಾ, ಸಿನಿಮಾ ನೋಡ್ಲಾ?”

ಮೊದಲು ಸಿನಿಮಾ ನೋಡಿ. ಬೇರೆ ಯಾವ ಕಾದಂಬರಿಯ ಬಗ್ಗೆಯೂ ನಾನು ಹೀಗೆ ಹೇಳುವುದಿಲ್ಲ. ಪುಸ್ತಕ ಮೊದಲು ಓದಿದವರು ಸಿನಿಮಾ ನೋಡುವಾಗ ಪುಟ ಪುಟಕ್ಕೂ ಲೆಕ್ಕ ಹಾಕುತ್ತಾ ಕೂರುತ್ತಾರೆ, ‘ಅದು ಎಲ್ಲಿ ಹೋಯ್ತು, ಇದನ್ನು ಯಾಕೆ ತೆಗೆದರು’ ಅಂತ, ಸಿನಿಮಾ ಕೊಡುವ ಆ ತಣ್ಣನೆಯ ಭಯ ಅವರನ್ನು ಮುಟ್ಟುವುದೇ ಇಲ್ಲ. ಸಿನಿಮಾ ನೋಡಿ ಆಮೇಲೆ ಓದಿದರೆ ಹಾಗಾಗುವುದಿಲ್ಲ. ಪುಸ್ತಕದ ಜಾಕ್ ಬೇರೆಯೇ ಮನುಷ್ಯ, ಅವನನ್ನು ಹೊಸದಾಗಿ ಪರಿಚಯ ಮಾಡಿಕೊಂಡ ಹಾಗೆ ಇರುತ್ತದೆ. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ, ಕಿಂಗ್ ಪುಸ್ತಕಗಳಿಗೆ ಅಲ್ಲಿ ಬರವಿಲ್ಲ.

“ಮಕ್ಕಳ ಜೊತೆ ನೋಡಬಹುದಾ? ಅದರಲ್ಲೂ ಒಬ್ಬ ಹುಡುಗ ಇದಾನಲ್ವಾ?”

ಬೇಡ. ರಕ್ತ ಇದೆ, ಕೊಡಲಿ ಇದೆ, ಒಂದು ಬಾತ್‌ರೂಮಿನ ದೃಶ್ಯದಲ್ಲಿ ಬೆತ್ತಲೆ ಇದೆ. ಅದಕ್ಕಿಂತ ಮುಖ್ಯವಾಗಿ, ಅಪ್ಪನನ್ನು ಕಂಡರೆ ಹೆದರುವ ಮಗು ಇದೆ. ಡ್ಯಾನಿಯ ಪಾತ್ರ ಮಾಡಿದ ಹುಡುಗ ಡ್ಯಾನಿ ಲಾಯ್ಡ್‌ಗೇ ಅದು ಹಾರರ್ ಸಿನಿಮಾ ಅಂತ ಗೊತ್ತಾಗದ ಹಾಗೆ ಕ್ಯೂಬ್ರಿಕ್ ನೋಡಿಕೊಂಡಿದ್ದರು. ಹೋಟೆಲಿನಲ್ಲಿ ಉಳಿದುಕೊಂಡ ಒಂದು ಕುಟುಂಬದ ಕಥೆ ಅಂತಲೇ ಅವನು ತಿಳಿದಿದ್ದ. ಅವನಿಗೆ ಸಿಕ್ಕ ಕಾಳಜಿ ನಮ್ಮ ಮಕ್ಕಳಿಗೂ ಸಿಗಲಿ.

“ನಮ್ಮಪ್ಪ ಅರ್ಧಕ್ಕೇ ಎದ್ದು ಹೋದ್ರು. ಏನೂ ಆಗ್ತಾನೇ ಇಲ್ಲ ಅಂದ್ರು. ಇಷ್ಟು ಸ್ಲೋ ಯಾಕೆ?”

ನಿಧಾನ ನಿಜ. ಆದರೆ ಇದು ಬೇಕಂತಲೇ ಮಾಡಿದ ನಿಧಾನ. ಬಾಗಿಲು ಹಾಕಿದ ಮನೆಯಲ್ಲಿ ಯಾರಿಗೋ ಸಿಟ್ಟು ಏರುತ್ತಿದೆ, ಇನ್ನೂ ಬಾಯಿ ಬಿಟ್ಟಿಲ್ಲ, ತಟ್ಟೆ ಇಡುವ ಸದ್ದು ಮಾತ್ರ ಸ್ವಲ್ಪ ಜೋರಾಗಿದೆ. ಆ ಹೊತ್ತು ಎಷ್ಟು ಉದ್ದ ಅನ್ನಿಸುತ್ತದೆ ಅಲ್ವಾ? ಸಿನಿಮಾದ ಮೊದಲ ಒಂದು ಗಂಟೆ ಅದೇ. ಸಂಜೆ ಟೀ ಹೊತ್ತಿಗೆ, ಫೋನ್ ನೋಡುತ್ತಾ ನೋಡುವ ಸಿನಿಮಾ ಇದಲ್ಲ. ರಾತ್ರಿ ಲೈಟ್ ಆರಿಸಿ, ಸೌಂಡ್ ಸ್ವಲ್ಪ ಜಾಸ್ತಿ ಇಟ್ಟು ನೋಡಿ.

“ಒಂದರಲ್ಲಿ ಎರಡು ಗಂಟೆ, ಇನ್ನೊಂದರಲ್ಲಿ ಎರಡೂವರೆ ಗಂಟೆ ಹತ್ರ ಇದೆ. ಯಾವುದು ಸರಿ?”

ಎರಡೂ ಕ್ಯೂಬ್ರಿಕ್ ಅವರೇ ಮಾಡಿದ್ದು. ಅಮೆರಿಕದ ಪ್ರತಿ 144 ನಿಮಿಷ. ಬೇರೆ ದೇಶಗಳಿಗೆ ಅವರು ಅದನ್ನು 119 ನಿಮಿಷಕ್ಕೆ ಇಳಿಸಿದರು. ನೀವು 144 ನಿಮಿಷದ್ದನ್ನೇ ನೋಡಿ. ಚಿಕ್ಕದರಲ್ಲಿ ಡಾಕ್ಟರ್ ಮನೆಗೆ ಬಂದು ಡ್ಯಾನಿಯನ್ನು ನೋಡುವ ದೃಶ್ಯವೇ ಇಲ್ಲ. ನನ್ನ ಪ್ರಕಾರ ಇಡೀ ಸಿನಿಮಾದ ಬೀಗದ ಕೈ ಇರುವುದು ಅಲ್ಲಿ. ಯಾಕೆ ಅನ್ನುವುದು ಕೊನೆಯ ಪ್ರಶ್ನೆಯಲ್ಲಿ ಬರುತ್ತದೆ.

“ನಾವು ‘ನಾ ನಿನ್ನ ಬಿಡಲಾರೆ’ ನೋಡಿ ನಡುಗಿದವರು. ಇದರಲ್ಲಿ ದೆವ್ವ ಎಲ್ಲಿದೆ ಗುರು?”

ಅನಂತ್ ನಾಗ್, ಲಕ್ಷ್ಮಿ ಮಾಡಿದ ಆ ಸಿನಿಮಾ 1979ರದ್ದು, ಇದಕ್ಕಿಂತ ಒಂದೇ ವರ್ಷ ಹಿಂದಿನದು. ನಮ್ಮ ಕಥೆಗಳಲ್ಲಿ ದೆವ್ವಕ್ಕೆ ಒಂದು ಹೆಸರಿರುತ್ತದೆ, ತೀರದ ಆಸೆ ಇರುತ್ತದೆ, ಬಿಡಿಸುವ ದಾರಿಯೂ ಇರುತ್ತದೆ. ಓವರ್‌ಲುಕ್‌ನಲ್ಲಿ ದೆವ್ವಗಳು ಬೇಕಾದಷ್ಟು ಇವೆ, ಆದರೆ ಅವಕ್ಕೆ ಏನು ಬೇಕು ಅಂತ ಯಾರೂ ಕೂತು ಹೇಳುವುದಿಲ್ಲ. ಪೂಜೆ ಇಲ್ಲ, ಮಂತ್ರವಾದಿ ಇಲ್ಲ. ಹಗಲು ಹೊತ್ತಿನಲ್ಲಿ, ಎಲ್ಲಾ ದೀಪ ಉರಿಯುತ್ತಿರುವಾಗ ಕಾರಿಡಾರಿನ ಕೊನೆಯಲ್ಲಿ ಇಬ್ಬರು ಹುಡುಗಿಯರು ಸುಮ್ನೆ ನಿಂತಿರುತ್ತಾರೆ, ಅಷ್ಟೇ. ಕತ್ತಲಿಗೆ ಹೆದರಿ ಅಭ್ಯಾಸ ಇರುವ ನಮಗೆ ಬೆಳಕಿನಲ್ಲಿ ಹೆದರಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

## ಒಂದು ಸಲ ನೋಡಿ ಮುಗಿಸಿದವರು ಕೇಳುವುದು

“ಪುಸ್ತಕಕ್ಕೂ ಸಿನಿಮಾಕ್ಕೂ ಏನೇನು ಬದಲು? ದೊಡ್ಡದಷ್ಟೇ ಹೇಳಿ.”

ಅಂತ್ಯವೇ ಬೇರೆ. ಪುಸ್ತಕದಲ್ಲಿ ಹೋಟೆಲಿನ ನೆಲಮಾಳಿಗೆಯಲ್ಲಿ ಹಳೇ ಬಾಯ್ಲರ್ ಒಂದಿದೆ, ದಿನಾ ಅದರ ಒತ್ತಡ ಇಳಿಸಬೇಕು. ಕೊನೆಗೆ ಜಾಕ್ ಅದನ್ನು ಮರೆಯುತ್ತಾನೆ, ಬಾಯ್ಲರ್ ಸಿಡಿದು ಹೋಟೆಲ್ ಸುಟ್ಟುಹೋಗುತ್ತದೆ. ಸಿನಿಮಾದಲ್ಲಿ ಹೋಟೆಲಿಗೆ ಏನೂ ಆಗುವುದಿಲ್ಲ, ಜಾಕ್ ಹಿಮದಲ್ಲಿ ಹೆಪ್ಪುಗಟ್ಟಿ ಸಾಯುತ್ತಾನೆ. ಪುಸ್ತಕದಲ್ಲಿ ಅವನ ಕೈಯಲ್ಲಿ ಆಟದ ಮರದ ಸುತ್ತಿಗೆ, ಸಿನಿಮಾದಲ್ಲಿ ಕೊಡಲಿ. ಪುಸ್ತಕದಲ್ಲಿ ಗಿಡ ಕತ್ತರಿಸಿ ಮಾಡಿದ ಪ್ರಾಣಿಗಳು ಜೀವ ತಾಳುತ್ತವೆ, ಸಿನಿಮಾದಲ್ಲಿ ಅವುಗಳ ಜಾಗಕ್ಕೆ ಗಿಡಗಳ ಚಕ್ರವ್ಯೂಹ ಬಂದಿದೆ. ಇದು ಒಳ್ಳೆಯ ಬದಲಾವಣೆ ಅಂತ ನನಗನ್ನಿಸುತ್ತದೆ. ಓಡುವ ಗಿಡದ ಸಿಂಹವನ್ನು ಓದುವಾಗ ಮೈ ಜುಮ್ಮೆನ್ನುತ್ತದೆ, ಆದರೆ ಆ ಕಾಲದ ತಂತ್ರದಲ್ಲಿ ತೆರೆಯ ಮೇಲೆ ನಗು ಬರುತ್ತಿತ್ತು. ಹುಡುಗ ತನ್ನದೇ ಹೆಜ್ಜೆ ಗುರುತಿನ ಮೇಲೆ ಹಿಂದಕ್ಕೆ ನಡೆದು ಅಪ್ಪನ ಕಣ್ಣು ತಪ್ಪಿಸುವುದು ಮಾತ್ರ ಎಷ್ಟು ಸಲ ನೋಡಿದರೂ ಉಸಿರು ಕಟ್ಟಿಸುತ್ತದೆ.

ಹ್ಯಾಲೊರನ್ ವಿಷಯದಲ್ಲಿ ನಾನು ಪುಸ್ತಕದ ಕಡೆ. ಅಲ್ಲಿ ಅವನು ಬಂದು ತಾಯಿ ಮಗನನ್ನು ಉಳಿಸುತ್ತಾನೆ, ತಾನೂ ಉಳಿಯುತ್ತಾನೆ. ಸಿನಿಮಾದಲ್ಲಿ ಅಷ್ಟು ದೂರದಿಂದ ಹಿಮದಲ್ಲಿ ಬಂದವನನ್ನು ಬಾಗಿಲು ದಾಟುತ್ತಿದ್ದ ಹಾಗೇ ಕೊಂದುಬಿಡುತ್ತಾರೆ. ಹಿಮಕ್ಕೆ ಓಡುವ ಗಾಡಿ ತಂದುಕೊಟ್ಟಿದ್ದು ಬಿಟ್ಟರೆ ಅವನ ಪ್ರಯಾಣಕ್ಕೆ ಬೆಲೆಯೇ ಸಿಗಲಿಲ್ಲ. ಇದನ್ನು ಕೇಳಿ ಬೇಜಾರು ಮಾಡಿಕೊಳ್ಳುವವರು ಪ್ರತಿ ವರ್ಷವೂ ಒಬ್ಬರಾದರೂ ಇರುತ್ತಾರೆ. ಅವರ ಬೇಜಾರು ಸರಿಯಾದದ್ದೇ.

“ಬರೆದವರಿಗೇ ಸಿನಿಮಾ ಇಷ್ಟ ಆಗಿಲ್ಲ ಅಂದ್ಮೇಲೆ ನಾವ್ಯಾಕೆ ಹೊಗಳಬೇಕು?”

ಕಿಂಗ್ ಇಷ್ಟಪಡದಿರುವುದು ನಿಜ, ದಶಕಗಳಿಂದ ಹೇಳುತ್ತಲೇ ಬಂದಿದ್ದಾರೆ. ನೋಡಲು ಚೆಂದದ ದೊಡ್ಡ ಕಾರು, ಒಳಗೆ ಇಂಜಿನ್ ಇಲ್ಲ ಅನ್ನುವ ಅರ್ಥದ ಮಾತು ಅವರದು. ಅವರ ಸಂಕಟ ಅರ್ಥವಾಗಬೇಕಾದರೆ ಪುಸ್ತಕ ಎಲ್ಲಿಂದ ಬಂತು ಅಂತ ನೋಡಬೇಕು. ಅದನ್ನು ಬರೆಯುವ ಕಾಲಕ್ಕೆ ಅವರೇ ಕುಡಿತಕ್ಕೆ ಬಿದ್ದಿದ್ದರು. ತಾನು ಬರೆಯುತ್ತಿರುವುದು ತನ್ನ ಬಗ್ಗೆಯೇ ಅಂತ ಆಗ ತಿಳಿಯಲಿಲ್ಲ ಅಂತ ಆಮೇಲೆ ಒಪ್ಪಿಕೊಂಡಿದ್ದಾರೆ. ಪುಸ್ತಕದ ಜಾಕ್ ಮಗನನ್ನು ನಿಜವಾಗಿ ಪ್ರೀತಿಸುತ್ತಾನೆ. ಅವನಪ್ಪನೂ ಕುಡುಕ, ಅಮ್ಮನನ್ನು ಊಟದ ಮೇಜಿನಲ್ಲೇ ದೊಣ್ಣೆಯಿಂದ ಹೊಡೆದವನು. ಹಾಗೆ ಆಗಬಾರದು ಅಂತ ಒದ್ದಾಡುತ್ತಾ ಒದ್ದಾಡುತ್ತಾ ಜಾಕ್ ಅದೇ ಆಗುತ್ತಾನೆ. ಕೊನೆಯಲ್ಲಿ ಒಂದು ಕ್ಷಣ ಅವನಿಗೆ ಅರಿವು ಬರುತ್ತದೆ, ‘ಓಡಿ ಹೋಗು’ ಅಂತ ಮಗನಿಗೆ ಹೇಳುತ್ತಾನೆ. ಸಿನಿಮಾದಲ್ಲಿ ಆ ಕ್ಷಣ ಇಲ್ಲವೇ ಇಲ್ಲ. ತನ್ನ ಎದೆಯಿಂದ ಕಿತ್ತು ಬರೆದದ್ದನ್ನು ತೆಗೆದುಹಾಕಿದರೆ ಯಾರಿಗೆ ನೋವಾಗುವುದಿಲ್ಲ?

ಆದರೂ ನಾನು ಸಿನಿಮಾವನ್ನು ಬಿಟ್ಟುಕೊಡುವುದಿಲ್ಲ. ಕಿಂಗ್ ಜಾಕ್‌ನ ಒಳಗೆ ಕೂತು ಬರೆದರು. ಕ್ಯೂಬ್ರಿಕ್ ಡ್ಯಾನಿ, ವೆಂಡಿ ನಿಂತ ಜಾಗದಿಂದ ನೋಡಿದರು. ಅಪ್ಪನ ಒಳಗೆ ಎಂಥ ಹೋರಾಟ ನಡೆಯುತ್ತಿದೆ ಅನ್ನುವುದು ಬಾಗಿಲ ಹಿಂದೆ ಅಡಗಿದ ಮಗುವಿಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಅಪ್ಪನ ಮುಖ ಮಾತ್ರ. ಒಂದೇ ಮನೆ, ಎರಡು ಕೋಣೆಯಿಂದ ನೋಡಿದ್ದು. ಎರಡೂ ಬೇಕು ನನಗೆ.

“ಜಾಕ್ ನಿಕಲ್ಸನ್ ಮೊದಲ ಸೀನಲ್ಲೇ ಹುಚ್ಚನ ಥರ ಕಾಣ್ತಾರೆ. ಹುಚ್ಚು ಹಿಡಿಯೋದು ಎಲ್ಲಿ?”

ಕಿಂಗ್ ಅವರ ದೂರೂ ಇದೇ ಆಗಿತ್ತು. ನನ್ನ ಉತ್ತರ ಮೇಲಿನದ್ದಕ್ಕೇ ಸೇರುತ್ತದೆ. ಕಾರಿನಲ್ಲಿ ಬೆಟ್ಟ ಹತ್ತುವಾಗ ಮಗ ಹಸಿವು ಅಂದಾಗ ಜಾಕ್ ಕೊಡುವ ಉತ್ತರ ಕೇಳಿ, ಆ ದನಿಯಲ್ಲಿ ಆಗಲೇ ಒಂದು ಬೇಸರ, ಒಂದು ತಿರಸ್ಕಾರ ಇದೆ. ಒಳ್ಳೆಯವನೊಬ್ಬನನ್ನು ಹೋಟೆಲ್ ಕೆಡಿಸಿತು ಅಂತ ಈ ಸಿನಿಮಾ ಹೇಳುವುದಿಲ್ಲ. ಬೆಟ್ಟದ ಮೇಲೆ ಹೋಗುವ ಮೊದಲೇ ಮನೆಯೊಳಗೆ ಇದ್ದದ್ದಕ್ಕೆ ಅಲ್ಲಿ ಜಾಗ ಸಿಕ್ಕಿತು ಅನ್ನುತ್ತದೆ. ಒಪ್ಪದವರು ಇದ್ದಾರೆ, ನಮ್ಮಣ್ಣನೇ ಒಪ್ಪುವುದಿಲ್ಲ.

“ವೆಂಡಿ ಪಾತ್ರದಾಕೆ ಬರೀ ಅಳ್ತಾಳೆ, ಕಿರುಚ್ತಾಳೆ. ಓವರ್ ಆ್ಯಕ್ಟಿಂಗ್ ಅಲ್ವಾ?”

ಈ ಮಾತು ಕೇಳಿದಾಗಲೆಲ್ಲ ನನಗೆ ನಿಜವಾಗಿ ನೋವಾಗುತ್ತದೆ. ಶೆಲ್ಲಿ ಡುವಾಲ್ ಅವರಿಗೆ ಆಗಲೇ ಇಂಥ ಅವಮಾನ ಆಗಿತ್ತು. ಕೆಟ್ಟ ಸಿನಿಮಾಗಳಿಗೆ ಕೊಡುವ ರಾಝಿ ಪ್ರಶಸ್ತಿ ಶುರುವಾದ ಮೊದಲ ವರ್ಷವೇ ಅವರನ್ನು ಕೆಟ್ಟ ನಟಿಯರ ಪಟ್ಟಿಗೆ ಸೇರಿಸಿದ್ದರು. ಕ್ಯೂಬ್ರಿಕ್ ಹೆಸರೂ ಕೆಟ್ಟ ನಿರ್ದೇಶಕರ ಪಟ್ಟಿಯಲ್ಲಿತ್ತು. 2022ರಲ್ಲಿ ಆ ಪ್ರಶಸ್ತಿಯವರೇ ಡುವಾಲ್ ಹೆಸರನ್ನು ಹಿಂದಕ್ಕೆ ತೆಗೆದುಕೊಂಡರು, ಚಿತ್ರೀಕರಣದಲ್ಲಿ ಅವರನ್ನು ನಡೆಸಿಕೊಂಡ ರೀತಿಯನ್ನು ಗಮನಿಸಿ. ಕ್ಯೂಬ್ರಿಕ್ ಮಗಳು ವಿವಿಯನ್ ಸೆಟ್ಟಿನಲ್ಲೇ ತೆಗೆದ ಒಂದು ಸಾಕ್ಷ್ಯಚಿತ್ರ ಇದೆ. ಅದರಲ್ಲಿ ನಿರ್ದೇಶಕರು ಡುವಾಲ್ ಮೇಲೆ ರೇಗುವುದು ಕಾಣುತ್ತದೆ. ಒಂದೊಂದು ದೃಶ್ಯವನ್ನೂ ಲೆಕ್ಕವಿಲ್ಲದಷ್ಟು ಸಲ ತೆಗೆದರು, ತಿಂಗಳುಗಟ್ಟಲೆ ದಿನಾ ಅಳಬೇಕಾಯಿತು. ಅಷ್ಟಾದರೂ ಅವರು ಕ್ಯೂಬ್ರಿಕ್ ಬಗ್ಗೆ ಗೌರವದಿಂದಲೇ ಮಾತಾಡಿದ್ದಾರೆ. ಸಿನಿಮಾ ದೊಡ್ಡದು ಅನ್ನುವುದು ಆ ರೇಗಾಟಕ್ಕೆ ಸಮಜಾಯಿಷಿ ಆಗುವುದಿಲ್ಲ, ನಾನು ಅದನ್ನು ಒಪ್ಪುವುದಿಲ್ಲ.

ಈಗ ಪಾತ್ರಕ್ಕೆ ಬನ್ನಿ. ಬಾಯ್ಲರ್ ನೋಡಿಕೊಳ್ಳುವುದು ಯಾರು? ವೆಂಡಿ. ಫೋನ್ ಲೈನ್ ಹೋದಾಗ ರೇಡಿಯೋದಲ್ಲಿ ರೇಂಜರ್‌ಗಳ ಜೊತೆ ಮಾತಾಡುವುದು? ವೆಂಡಿ. ಅಡುಗೆ, ಮಗು, ಎಲ್ಲಾ ಅವಳದ್ದೇ. ಕೆಲಸಕ್ಕೆ ಸೇರಿದವನು ಜಾಕ್, ಕೆಲಸ ಮಾಡುವವಳು ವೆಂಡಿ. ಮೆಟ್ಟಿಲ ಮೇಲೆ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಬ್ಯಾಟು ಬೀಸುವಾಗ ಅವಳ ಕೈ ನಡುಗುತ್ತದೆ, ಅಳು ಬರುತ್ತದೆ, ಆದರೂ ಏಟು ಬೀಳುತ್ತದೆ. ಆಮೇಲೆ ಅಷ್ಟು ದಪ್ಪ ಗಂಡಸನ್ನು ಒಬ್ಬಳೇ ಎಳೆದುಕೊಂಡು ಹೋಗಿ ಉಗ್ರಾಣದಲ್ಲಿ ಕೂಡಿ ಹಾಕುತ್ತಾಳೆ. ಹೆದರಿದವರು ಹಾಗೇ ಇರುತ್ತಾರೆ, ಮೂಗು ಸೋರುತ್ತದೆ, ದನಿ ಒಡೆಯುತ್ತದೆ. ಡುವಾಲ್ 2024ರ ಜುಲೈನಲ್ಲಿ ತೀರಿಕೊಂಡರು. ಆ ವರ್ಷ ನಮ್ಮನೆಯಲ್ಲಿ ಸಿನಿಮಾ ನೋಡಿದಾಗ ಅವಳು ಅತ್ತರೆ ಯಾರೂ ನಗಲಿಲ್ಲ.

“ಬಾಗಿಲ ಮೇಲೆ ಹುಡುಗ ‘ರೆಡ್ರಮ್’ ಅಂತ ಬರೀತಾನಲ್ಲ, ಹಾಗಂದ್ರೆ?”

ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಓದಿ, ‘ಮರ್ಡರ್’ ಆಗುತ್ತದೆ. ವೆಂಡಿ ಎಚ್ಚರಾಗಿ ಕನ್ನಡಿಯಲ್ಲಿ ನೋಡಿದಾಗ ಅದೇ ಕಾಣುತ್ತದೆ. 90ರ ದಶಕದ ಬೆಂಗಳೂರಿನಲ್ಲಿ ಬೆಳೆದವರಿಗೆ ಈ ದೃಶ್ಯ ಬೇರೆಯೇ ಕಡೆ ಕರೆದುಕೊಂಡು ಹೋಗುತ್ತದೆ. ರಾತ್ರಿ ಒಂದು ದೆವ್ವ ಬಂದು ಮನೆಯವರದ್ದೇ ದನಿಯಲ್ಲಿ ಕರೆಯುತ್ತದೆ ಅಂತ ಸುದ್ದಿ ಹಬ್ಬಿ, ಬೀದಿ ಬೀದಿಯಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದರು ನೆನಪಿದೆಯಾ? ನಾವು ಬರೆದದ್ದು ಹೊರಗಿನದು ಒಳಗೆ ಬರದಿರಲಿ ಅಂತ. ಡ್ಯಾನಿ ಬರೆದದ್ದು ಕೋಣೆಯ ಒಳಗಡೆ, ಅಮ್ಮನಿಗೆ ಕಾಣಲಿ ಅಂತ. ಬಾಗಿಲ ಆಚೆ ಮನೆಯವರ ದನಿಯಲ್ಲಿ ಕರೆಯುವವನು ಇಲ್ಲಿ ನಿಜವಾಗಿಯೂ ಮನೆಯವನೇ.

“ಆ ದೆವ್ವದ ಕೋಣೆಗೆ 217 ಅಂತಾರೆ ಪುಸ್ತಕದಲ್ಲಿ, ಸಿನಿಮಾದಲ್ಲಿ 237. ಏನಾದ್ರೂ ಅರ್ಥ ಇದೆಯಾ?”

ಕಾರಣ ಸರಳ. 1974ರಲ್ಲಿ ಕಿಂಗ್ ಕೊಲರಾಡೊದ ಎಸ್ಟೆಸ್ ಪಾರ್ಕಿನ ಸ್ಟ್ಯಾನ್ಲಿ ಹೋಟೆಲಿನಲ್ಲಿ 217ನೇ ಕೋಣೆಯಲ್ಲಿ ಉಳಿದಿದ್ದರು. ಸೀಸನ್ ಮುಗಿದು ಹೋಟೆಲ್ ಖಾಲಿ. ಆ ರಾತ್ರಿಯ ಕನಸಿನಿಂದ ಕಾದಂಬರಿ ಹುಟ್ಟಿತು. ಸಿನಿಮಾದಲ್ಲಿ ಹೊರಗಿನಿಂದ ಕಾಣುವುದು ಒರೆಗಾನ್‌ನ ಟಿಂಬರ್‌ಲೈನ್ ಲಾಡ್ಜ್. ಅಲ್ಲೂ 217 ಇತ್ತು, ಸಿನಿಮಾ ನೋಡಿದವರು ಆ ಕೋಣೆ ಬೇಡ ಅಂದಾರು ಅಂತ ಅವರು ನಂಬರ್ ಬದಲಾಯಿಸಲು ಕೇಳಿದರು. ಆದದ್ದು ಉಲ್ಟಾ, ಅಲ್ಲಿಗೆ ಬರುವವರು ಜಾಸ್ತಿ ಕೇಳುವುದು 217ನ್ನೇ ಅಂತೆ. ಒಳಗಿನ ಹಾಲ್, ಕಾರಿಡಾರ್ ಎಲ್ಲಾ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಹಾಕಿದ ಸೆಟ್. ಚಕ್ರವ್ಯೂಹದ ಹಿಮ ಅಂದರೆ ಉಪ್ಪು ಮತ್ತು ಥರ್ಮಾಕೋಲ್ ಪುಡಿ.

## ಮತ್ತೆ ಮತ್ತೆ ನೋಡಿದವರು ಕೇಳುವುದು

“ದೆವ್ವ ನಿಜಾನಾ, ಜಾಕ್ ತಲೆಯೊಳಗಿನದಾ? ಒಂದು ಕಡೆ ನಿಲ್ಲಿ.”

ನಿಲ್ಲುತ್ತೇನೆ. ದೆವ್ವ ಇವೆ. ಜಾಕ್ ದೆವ್ವಗಳ ಜೊತೆ ಮಾತಾಡುವ ಕಡೆಗಳಲ್ಲಿ ಕನ್ನಡಿ ಇರುತ್ತದೆ, ಬಾರಿನ ಹಿಂದೆ, ಕೆಂಪು ಬಾತ್‌ರೂಮಿನಲ್ಲಿ, 237ರಲ್ಲಿ. ಅವನು ತನ್ನ ಜೊತೆಗೇ ಮಾತಾಡುತ್ತಿದ್ದಾನೆ ಅಂತ ಅಲ್ಲಿಯವರೆಗೆ ಅನ್ನಬಹುದು. ಆದರೆ ಉಗ್ರಾಣದ ಚಿಲಕ? ಅದನ್ನು ವೆಂಡಿ ಹೊರಗಿನಿಂದ ಹಾಕಿದ್ದಳು. ಹಿಂದೆ ಹೋಟೆಲ್ ನೋಡಿಕೊಳ್ಳುತ್ತಿದ್ದು ಈಗ ದೆವ್ವವಾಗಿರುವ ಗ್ರೇಡಿಯ ದನಿ ಕೇಳುತ್ತದೆ, ಚಿಲಕ ತೆಗೆಯುವ ಸದ್ದು ಬರುತ್ತದೆ, ಜಾಕ್ ಹೊರಗೆ ಬರುತ್ತಾನೆ. ಅಲ್ಲಿ ಕನ್ನಡಿ ಇಲ್ಲ. ತಲೆಯೊಳಗಿನ ದೆವ್ವ ಕಬ್ಬಿಣದ ಚಿಲಕ ತೆಗೆಯುವುದಿಲ್ಲ.

“ಟೈಪ್ ಮಾಡಿದ ಹಾಳೆಗಳಲ್ಲಿ ಒಂದೇ ಸಾಲು ಇರುತ್ತಲ್ಲ, ಕನ್ನಡದಲ್ಲಾಗಿದ್ರೆ ಏನಿರ್ತಿತ್ತು?”

ನನಗೆ ಅತಿ ಇಷ್ಟದ ಪ್ರಶ್ನೆ. ವೆಂಡಿ ಹಾಳೆ ತಿರುಗಿಸಿ ನೋಡುವ ಆ ದೃಶ್ಯದಲ್ಲಿ ಇರುವುದು ಇಂಗ್ಲಿಷ್ ಗಾದೆ, ಬರೀ ದುಡಿಮೆ, ಆಟವಿಲ್ಲದಿದ್ದರೆ ಜಾಕ್ ಮಂಕಾಗುತ್ತಾನೆ ಅಂತ. ಬೇರೆ ಭಾಷೆಗಳಿಗೆ ಕ್ಯೂಬ್ರಿಕ್ ಅದನ್ನು ಹಾಗೇ ಅನುವಾದ ಮಾಡಿಸಲಿಲ್ಲ, ಆಯಾ ಭಾಷೆಯ ಗಾದೆಯನ್ನೇ ಹಾಕಿ ಹಾಳೆ ತಯಾರು ಮಾಡಿಸಿದರು. ಇಟಾಲಿಯನ್‌ನಲ್ಲಿ ಬೆಳಗಿನ ಬಾಯಲ್ಲಿ ಚಿನ್ನವಿದೆ ಅಂತ, ಜರ್ಮನ್‌ನಲ್ಲಿ ಇವತ್ತು ಆಗುವುದನ್ನು ನಾಳೆಗೆ ಇಡಬೇಡ ಅಂತ. ನಮ್ಮನೆಯಲ್ಲಿ ಈ ಬಗ್ಗೆ ಒಂದಿಡೀ ರಾತ್ರಿ ಮಾತಾಗಿದೆ. ನಾನು ಆರಿಸಿದ್ದು ‘ಕೈ ಕೆಸರಾದರೆ ಬಾಯಿ ಮೊಸರು’. ಚಿಕ್ಕಂದಿನಿಂದ ಕಿವಿಗೆ ಬಿದ್ದ ಮಾತು, ಅಜ್ಜಿ ಹೇಳಿದ್ದು, ಶಾಲೆಯ ಗೋಡೆಯಲ್ಲಿ ಬರೆದದ್ದು. ಅದನ್ನೇ ನೂರಾರು ಹಾಳೆಯಲ್ಲಿ, ಒಮ್ಮೆ ಪದ್ಯದ ಹಾಗೆ, ಒಮ್ಮೆ ನಾಟಕದ ಸಂಭಾಷಣೆಯ ಹಾಗೆ, ಅಕ್ಷರ ತಪ್ಪಿ ತಪ್ಪಿ, ಕೈಗೆ ಒಂದು ಚೂರೂ ಕೆಸರು ಹತ್ತದ ಗಂಡಸೊಬ್ಬ ತಿಂಗಳುಗಟ್ಟಲೆ ಟೈಪ್ ಮಾಡಿದ್ದಾನೆ ಅಂದುಕೊಳ್ಳಿ. ನನಗೆ ಈಗ ಬರೆಯುವಾಗಲೂ ಬೆನ್ನು ತಣ್ಣಗಾಯಿತು.

“ಕೊನೆಯ ಫೋಟೋದಲ್ಲಿ ಅವನು ಹೇಗೆ ಬಂದ?”

ಫೋಟೋದ ಕೆಳಗೆ 1921ರ ಜುಲೈ 4ರ ಪಾರ್ಟಿ ಅಂತಿದೆ, ನಡುವೆ ಜಾಕ್ ನಗುತ್ತಿದ್ದಾನೆ. ಅದು ನಿಜವಾಗಿ ಹಳೆಯ ಫೋಟೋ, ಒಬ್ಬರ ಜಾಗದಲ್ಲಿ ನಿಕಲ್ಸನ್ ಮುಖ ಕೂರಿಸಿದ್ದಾರೆ. ಜಾಕ್‌ನ ಪುನರ್ಜನ್ಮವನ್ನು ಅದು ಸೂಚಿಸುತ್ತದೆ ಅಂತ ಕ್ಯೂಬ್ರಿಕ್ ಒಂದು ಸಂದರ್ಶನದಲ್ಲಿ ಹೇಳಿದ್ದಾರೆ. ಪುನರ್ಜನ್ಮ ನಮಗೆ ಹೊಸದಲ್ಲ, ಹಾಗಾಗಿ ಇಲ್ಲಿ ಬಹಳ ಜನ ತಕ್ಷಣ ತಲೆಯಾಡಿಸುತ್ತಾರೆ. ನನಗೆ ಮಾತ್ರ ಗ್ರೇಡಿ ಹೇಳುವ ಮಾತು ನೆನಪಾಗುತ್ತದೆ, ಈ ಜಾಗ ನೋಡಿಕೊಳ್ಳುವವನು ಯಾವತ್ತೂ ನೀನೇ ಅಂತ. ಇಂಥ ಅಪ್ಪಂದಿರು ಎಲ್ಲಾ ಕಾಲದಲ್ಲೂ ಇದ್ದರು, ಒಳ್ಳೆ ಬಟ್ಟೆ ಹಾಕಿಕೊಂಡು ಫೋಟೋದಲ್ಲಿ ನಗುತ್ತಾ.

“ಕಿಟಕಿ ಇರೋಕೇ ಸಾಧ್ಯವಿಲ್ಲದ ಕಡೆ ಕಿಟಕಿ, ಅವಳಿಗಳ ಗೊಂದಲ, ಚಂದ್ರನ ಕಥೆ. ಇದೆಲ್ಲಾ ನಿಜಾನಾ?”

ಮೊದಲ ಎರಡು ಇವೆ. ಮ್ಯಾನೇಜರ್ ಕೋಣೆಯ ಹಿಂದೆ ಕಾರಿಡಾರ್ ಇದೆ, ಆದರೂ ಅಲ್ಲಿ ಬೆಳಕು ಬರುವ ಕಿಟಕಿ. ಗ್ರೇಡಿಯ ಮಕ್ಕಳು ಎಂಟು ಮತ್ತು ಹತ್ತು ವರ್ಷದವರು ಅನ್ನುತ್ತಾರೆ, ಕಾಣುವುದು ಅವಳಿಗಳ ಹಾಗೆ. ಮ್ಯಾನೇಜರ್ ಗ್ರೇಡಿಯ ಹೆಸರು ಚಾರ್ಲ್ಸ್ ಅನ್ನುತ್ತಾನೆ, ದೆವ್ವ ತನ್ನನ್ನು ಡೆಲ್ಬರ್ಟ್ ಅನ್ನುತ್ತದೆ. ದಾರಿ ತಪ್ಪಿಸುವ ಹೋಟೆಲಿಗೆ ಇವು ಹೊಂದುತ್ತವೆ. ಆದಿವಾಸಿಗಳ ಸಮಾಧಿ ಇದ್ದ ನೆಲದ ಮೇಲೆ ಹೋಟೆಲ್ ಕಟ್ಟಿದ್ದು ಅಂತ ಸಿನಿಮಾದಲ್ಲೇ ಮಾತು ಬರುತ್ತದೆ, ಅದನ್ನು ಹಿಡಿದು ಯೋಚಿಸುವವರು ದಾರಿ ತಪ್ಪಿಲ್ಲ. ಡ್ಯಾನಿಯ ಸ್ವೆಟರ್ ಮೇಲೆ ಅಪೊಲೊ 11 ಇದೆ ಅಂತ ಚಂದ್ರನ ಮೇಲೆ ಇಳಿದದ್ದೇ ಸುಳ್ಳು, ಅದನ್ನು ಕ್ಯೂಬ್ರಿಕ್ ಅವರೇ ಚಿತ್ರೀಕರಿಸಿದ್ದು ಅನ್ನುವುದನ್ನು ನಾನು ನಂಬುವುದಿಲ್ಲ. ಇಂಥ ವಾದಗಳನ್ನೆಲ್ಲ ಸೇರಿಸಿ 2012ರಲ್ಲಿ ‘ರೂಮ್ 237’ ಅಂತ ಸಾಕ್ಷ್ಯಚಿತ್ರ ಬಂದಿದೆ, ಕುತೂಹಲ ಇದ್ದರೆ ನೋಡಿ.

“ಹುಡುಗ ಸೈಕಲ್ ಹೊಡೆಯೋ ಸೀನಲ್ಲಿ ಏನೂ ಆಗಲ್ಲ, ಆದ್ರೂ ಎದೆ ಹೊಡ್ಕೊಳ್ಳುತ್ತೆ. ಯಾಕೆ?”

ಕಣ್ಣು ಮುಚ್ಚಿ ಕೇಳಿ. ಚಕ್ರ ಮರದ ನೆಲದ ಮೇಲೆ ಗಡಗಡ, ಜಮಖಾನದ ಮೇಲೆ ನಿಶ್ಶಬ್ದ, ಮತ್ತೆ ಗಡಗಡ. ಸದ್ದು ನಿಂತಾಗಲೆಲ್ಲ ನಾವು ಉಸಿರು ಹಿಡಿಯುತ್ತೇವೆ. ಕ್ಯಾಮೆರಾ ಅವನ ಹಿಂದೆ, ಅವನದೇ ಎತ್ತರದಲ್ಲಿ ತೇಲುತ್ತದೆ. ನಡೆಯುವಾಗಲೂ ಕ್ಯಾಮೆರಾ ಅಲುಗದಂತೆ ಹಿಡಿಯುವ ಸಲಕರಣೆ ಸ್ಟೆಡಿಕ್ಯಾಮ್ ಕಂಡುಹಿಡಿದ ಗ್ಯಾರೆಟ್ ಬ್ರೌನ್ ಅವರೇ ಅದನ್ನು ನಡೆಸಿದ್ದು. ತಿರುವಿನ ಆಚೆ ಏನಿದೆ ಅಂತ ಹುಡುಗನಿಗೆ ಎಷ್ಟು ಗೊತ್ತೋ ನಮಗೂ ಅಷ್ಟೇ ಗೊತ್ತು.

“ಇದರ ಮುಂದಿನ ಕಥೆ ಓದಬೇಕಾ?”

ಓದಿ. ಡ್ಯಾನಿ ದೊಡ್ಡವನಾದ ಕಥೆಯನ್ನು ಕಿಂಗ್ 2013ರಲ್ಲಿ ‘ಡಾಕ್ಟರ್ ಸ್ಲೀಪ್’ ಅಂತ ಬರೆದರು. ಅವನೂ ಕುಡಿತಕ್ಕೆ ಬಿದ್ದು, ಬಿಟ್ಟು, ದಿನ ದಿನವೂ ಬಿಟ್ಟೇ ಇರಲು ಹೆಣಗುತ್ತಾನೆ. 2019ರ ಸಿನಿಮಾವೂ ಪರವಾಗಿಲ್ಲ. 1997ರಲ್ಲಿ ಕಿಂಗ್ ತಾವೇ ಚಿತ್ರಕಥೆ ಬರೆದ ಟೀವಿ ಸರಣಿ ಪುಸ್ತಕಕ್ಕೆ ಹತ್ತಿರ, ಆದರೆ ನನ್ನನ್ನು ಹೆದರಿಸಲಿಲ್ಲ.

“ನಮ್ಮನೇಲೂ ಅಪ್ಪ ಕುಡೀತಿದ್ರು. ನಾನು ಇದನ್ನ ನೋಡಬಹುದಾ ಅಕ್ಕ?”

ಇದನ್ನು ಯಾರೂ ಎಲ್ಲರೆದುರು ಕೇಳುವುದಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ, ಗೇಟಿನ ಹತ್ತಿರ ಮೆಲ್ಲಗೆ ಕೇಳುತ್ತಾರೆ. ಆ ಡಾಕ್ಟರ್ ದೃಶ್ಯದ ವಿಷಯ ಈಗ ಹೇಳುತ್ತೇನೆ. ವೆಂಡಿ ಕೈಯಲ್ಲಿ ಸಿಗರೇಟು, ಅದರ ಬೂದಿ ಉದ್ದ ಆಗುತ್ತಾ ಹೋಗುತ್ತದೆ. ಗಂಡ ಕುಡಿದು ಬಂದ ರಾತ್ರಿ ಮಗನ ಕೈ ಎಳೆದು ಪೆಟ್ಟು ಮಾಡಿದ್ದನ್ನು ಅವಳು ನಗುತ್ತಾ, ಯಾರಿಗೂ ಆಗಬಹುದಾದ ಸಣ್ಣ ಅಪಘಾತದ ಹಾಗೆ ಹೇಳುತ್ತಾಳೆ. ಒಳ್ಳೆಯದೇ ಆಯಿತು, ಅವತ್ತಿನಿಂದ ಐದು ತಿಂಗಳು ಮುಟ್ಟಿಲ್ಲ ಅನ್ನುತ್ತಾಳೆ. ಡಾಕ್ಟರ್ ಮುಖ ನಗುವುದಿಲ್ಲ. ಮುಂದೆ ಬಾರಿನಲ್ಲಿ ಜಾಕ್ ಅದೇ ಘಟನೆಯನ್ನು ಮೂರು ವರ್ಷದ ಹಿಂದಿನದು ಅನ್ನುತ್ತಾನೆ. ಆ ಲೆಕ್ಕ ಹೊಂದುವುದಿಲ್ಲ. ಇಂಥ ಮನೆಗಳಲ್ಲಿ ಬೆಳೆದವರಿಗೆ ಆ ನಗುವೂ ಗೊತ್ತು, ಹೊಂದದ ಲೆಕ್ಕವೂ ಗೊತ್ತು.

ಕೆಲವರಿಗೆ ಇದನ್ನು ನೋಡಿ ಹಗುರಾಗಿದೆ, ತಮ್ಮ ಚಿಕ್ಕಂದಿನ ಭಯಕ್ಕೆ ಒಂದು ರೂಪ ಸಿಕ್ಕಿತು ಅಂದಿದ್ದಾರೆ. ಕೆಲವರಿಗೆ ಎರಡು ವಾರ ನಿದ್ದೆ ಬಂದಿಲ್ಲ. ನೀವು ಯಾವ ಗುಂಪಿನವರು ಅಂತ ನಾನು ಹೇಳಲಾರೆ. ಒಬ್ಬರೇ ನೋಡಬೇಡಿ, ರಾತ್ರಿ ನೋಡಬೇಡಿ, ಸಾಕು ಅನ್ನಿಸಿದರೆ ನಿಲ್ಲಿಸಿ. ನಮ್ಮನೆಗೆ ಬರುವುದಾದರೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತುಕೊಳ್ಳಿ. ಆ ದೃಶ್ಯ ಮುಗಿದ ಮೇಲೆ ನಾನು ಯಾವಾಗಲೂ ಐದು ನಿಮಿಷ ನಿಲ್ಲಿಸಿ ಕಾಫಿ ಇಡುತ್ತೇನೆ. ಅಡುಗೆಮನೆಗೆ ಬಂದವರು ಮತ್ತೆ ಹಾಲಿಗೆ ಹೋಗದೆ ಅಲ್ಲೇ ಕೂತದ್ದೂ ಉಂಟು. ಯಾರೂ ಯಾಕೆ ಅಂತ ಕೇಳುವುದಿಲ್ಲ.